ಚಾರ್ಜಿಗೆ ಹಾಕಿದ ಫೋನು

"ಫೋನು ಚಾರ್ಜಿಗೆ ಹಾಕಿರ್ಲಾ ಅಮ್ಮ?" ಎಂದು ಆ ಮನುಷ್ಯ ಕೇಳಿದಾಗ ಮಾಯಮ್ಮ ಹೂಂ ಎಂದಳು. ಅಷ್ಟಕ್ಕೇ ಬಿಡಲಿಲ್ಲ, ಒಳಗೆ ಹೋಗಿ ಅವನಿಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟಳು, ಸಕ್ಕರೆ ಒಂದಿಷ್ಟು ಜಾಸ್ತಿಯೇ ಹಾಕಿ. ಆ ಲೋಟವನ್ನು ಆಮೇಲೆ ಅವಳು ತಿಪ್ಪೆಗೆ ಎಸೆದಳು. ಒಳ್ಳೆಯ ಸ್ಟೀಲಿನ ಲೋಟ, ಎಸೆದರೆ ಏನು ಬಂದ ಹಾಗಾಯಿತು? ಆದರೂ ಎಸೆದಳು.

ಯುದ್ಧ ಶುರುವಾಗಿ ಕೆಲವು ವಾರಗಳಾಗಿದ್ದವು. ಅದು ನಡೆಯುತ್ತಿದ್ದದ್ದು ದೇಶದ ಆ ತುದಿಯ ಹಿಮದ ಬೆಟ್ಟಗಳಲ್ಲಿ. ಇಲ್ಲಿ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಬೆಟ್ಟದಪುರಕ್ಕೆ ಹತ್ತಿರದ ಮಾಯಮ್ಮನ ಊರಿನಲ್ಲಿ, ಹೊಗೆಸೊಪ್ಪು ಬೇಯಿಸುವ ಕಾಲ. ಹೊಲದಿಂದ ಬಂದ ಹಸಿ ಎಲೆಯನ್ನು ಅದೇ ದಿನ ಕಡ್ಡಿಗೆ ಕಟ್ಟಬೇಕು, ಕಟ್ಟಿದ್ದನ್ನು ಬ್ಯಾರನ್ನಿನೊಳಗೆ, ಎಂದರೆ ಎಲೆ ಒಣಗಿಸುವ ಗೂಡಿನೊಳಗೆ, ಸಾಲಾಗಿ ತೂಗುಹಾಕಿ ಕೆಳಗೆ ಬೆಂಕಿ ಕೊಡಬೇಕು. ಬೆಂಕಿ ನೋಡಿಕೊಳ್ಳುವುದು ಗಂಡ ಚಲುವಯ್ಯನ ಪಾಲು, ಎಲೆ ಕಟ್ಟುವುದು ಮಾಯಮ್ಮ ಮತ್ತು ಮುಯ್ಯಾಳಾಗಿ ಬರುವ ಹೆಂಗಸರ ಪಾಲು. ಇವತ್ತು ನಿಮ್ಮ ಚಪ್ಪರದಲ್ಲಿ, ನಾಳೆ ನಮ್ಮ ಚಪ್ಪರದಲ್ಲಿ.

ಹಸಿ ಹೊಗೆಸೊಪ್ಪನ್ನು ಮುಟ್ಟಿದವರಿಗೆ ಗೊತ್ತು, ಅದರ ಅಂಟು ಎಂಥದ್ದೆಂದು. ಅರ್ಧ ಗಂಟೆಯಲ್ಲಿ ಅಂಗೈ ಕಪ್ಪಗಾಗಿ ಬೆರಳು ಬೆರಳಿಗೆ ಮೆತ್ತಿಕೊಳ್ಳುತ್ತದೆ. ಆ ಕೈಯಲ್ಲಿ ಫೋನು ಹಿಡಿಯುವ ಹಾಗಿಲ್ಲ, ಕಿವಿಗೆ ಒತ್ತಿಕೊಳ್ಳುವ ಹಾಗಂತೂ ಇಲ್ಲವೇ ಇಲ್ಲ. ಅದಕ್ಕೇ ಮಾಯಮ್ಮನ ಒಬ್ಬನೇ ಮಗ ತೇಜಸ್, ಆ ಗಡಿಯ ಬೆಟ್ಟಗಳಲ್ಲಿ ಸೈನಿಕನಾಗಿದ್ದವನು, ಹಗಲು ಹೊತ್ತು ಫೋನ್ ಮಾಡುತ್ತಿರಲಿಲ್ಲ. ಮಾತನ್ನು ರೆಕಾರ್ಡ್ ಮಾಡಿ ಕಳಿಸುತ್ತಿದ್ದ. ಫೋನು ಚಪ್ಪರದ ಕಂಬಕ್ಕೆ ಒರಗಿರುತ್ತಿತ್ತು. ಮಾಯಮ್ಮ ಬೆರಳಿನ ಗೆಣ್ಣಿನಿಂದ ಒಂದು ಕುಟ್ಟು ಕುಟ್ಟಿದರೆ ಸಾಕು, ಮಗ ಜೋರಾಗಿ ಮಾತಾಡುತ್ತಿದ್ದ. ಉಂಡೆ, ಮಲಗಿದೆ, ಇಲ್ಲಿ ಚಳಿ, ನಿನ್ನ ಉಪ್ಸಾರು ನೆನಪಾಗ್ತದೆ, ಅಪ್ಪನ ಕೆಮ್ಮು ಹೇಗಿದೆ, ಇಷ್ಟೇ. ಎಲೆ ಕಟ್ಟುವ ಹೆಂಗಸರೆಲ್ಲ ಕೇಳಿಸಿಕೊಂಡು, "ಉಪ್ಸಾರ್ ಮುದ್ದೆನ ಪಾರ್ಸಲ್ ಮಾಡೇ ಮಾಯಕ್ಕ" ಎಂದು ನಗುತ್ತಿದ್ದರು. ಅವನ ಮದುವೆಗೆ ಹೆಣ್ಣು ನೋಡುವ ಮಾತೂ ಆ ಚಪ್ಪರದಲ್ಲೇ ಆಗುತ್ತಿತ್ತು.

ಹಾಗೆಯೇ ಒಂದು ಮಧ್ಯಾಹ್ನ ಗೆಣ್ಣಿನಿಂದ ಕುಟ್ಟಿದಾಗ ಮಗನ ದನಿ ಬೇರೆಯಾಗಿತ್ತು.

"ಅವ್ವಾ, ನಾ ಚೆನ್ನಾಗಿವ್ನಿ. ನಮ್ಮೋರೆಲ್ಲ ಚೆನ್ನಾಗವ್ರೆ, ಮೇಲ್ಗಡೆ ಪೋಸ್ಟು ನಮ್ದೇ, ಅಂತ ಟಿವಿಲಿ ಬತ್ತದಲ್ಲ, ಅದ್ನ ನಂಬ್ಕೊಂಡು ಕುಂತಿರ್ಬ್ಯಾಡಿ. ಆ ಪೋಸ್ಟು ಓಯ್ತು ಕಣವ್ವ. ಸರಗೂರ್ ಸಿದ್ದಾರ್ಥ ಅಲ್ಲೇ ಇದ್ದ. ಓಗ್ಬುಟ್ಟ ಅವ್ವ. ನಾನೇ ಎತ್ಕಂಡ್ ಬಂದೆ. ಅವನ ಫೋನು ನನ್ ಬ್ಯಾಗಲ್ಲದೆ, ಅವರವ್ವ ಮಾಡ್ತಾನೇ ಅವ್ರೆ. ರಿಂಗ್ ಆಯ್ತಾನೇ ಅದೆ. ಅವರ ಮನೆಗಿನ್ನೂ ತಿಳಿಸಿಲ್ವಂತೆ, ಯಾರೂ ಬಾಯ್ ಬುಡಂಗಿಲ್ವಂತೆ. ನೀನೂ ಯಾರ್ಗೂ ಯೋಳ್ಬ್ಯಾಡ ಕಣವ್ವ."

ಯಾರಿಗೂ ಹೇಳಬೇಡ ಎನ್ನುವ ಮಾತು ಬರುವ ಹೊತ್ತಿಗೆ ಇಡೀ ಚಪ್ಪರ ಕೇಳಿಸಿಕೊಂಡಾಗಿತ್ತು. ಹೆಂಗಸರ ಕೈ ನಿಂತಿತು. ಯಾರೂ ಯಾರಿಂದಲೂ ಆಣೆ ಇಡಿಸಲಿಲ್ಲ. ಆದರೆ ಅವರಲ್ಲಿ ಒಬ್ಬಳೂ ಆ ಮಾತನ್ನು ಗಂಡನ ಹತ್ತಿರವೂ ಎತ್ತಲಿಲ್ಲ. ಊರ ಹೆಂಗಸರ ಬಾಯಿ ಬಗ್ಗೆ ಗಂಡಸರು ಏನೇನೋ ಆಡಿಕೊಳ್ಳುತ್ತಾರಲ್ಲ, ಆಡಿಕೊಳ್ಳಲಿ.

ಮಾಯಮ್ಮ ಕಾದಳು. ಇವತ್ತು ಸರಗೂರಿಗೆ ಹುಡುಗನನ್ನು ತರುತ್ತಾರೆ, ನಾಳೆ ತರುತ್ತಾರೆ, ಬಾವುಟ ಹೊದಿಸಿ ಮರ್ಯಾದೆಯಿಂದ ತರುತ್ತಾರೆ ಎಂದು ಟಿವಿ ಮುಂದೆ ಕೂತಳು. ಟಿವಿಯವನು ಅರಚುತ್ತಲೇ ಇದ್ದ, ಮೇಲ್ಗಡೆ ಪೋಸ್ಟು ನಮ್ಮದೇ, ನಮ್ಮವರೊಬ್ಬರಿಗೂ ಗಾಯವಿಲ್ಲ. ಮಗ ಕಳಿಸಿದ ಮಾತನ್ನು ಅಳಿಸಿಬಿಡಬೇಕು ಎಂದು ಅವಳಿಗೆ ಹೊಳೆಯದೆ ಇರಲಿಲ್ಲ. ಹೆತ್ತ ಮಗನ ದನಿಯನ್ನು ಅಳಿಸುವುದಕ್ಕೆ ಬೆರಳು ಬರಲಿಲ್ಲ, ಅಷ್ಟೇ.

ಆಗ ಬಂದದ್ದು ಆ ಜೀಪು. ಯುದ್ಧ ಶುರುವಾದ ಮೇಲೆ ಹುಣಸೂರಿನಲ್ಲಿ ಸರ್ಕಾರದ್ದೊಂದು ಪ್ರಚಾರ ಘಟಕ ತೆರೆದಿದ್ದರು. ಅದರ ಅಧಿಕಾರಿ ಅನುಶ್ರೀ ಜೀಪಿನಿಂದ ಇಳಿದಳು, ಹತ್ತಿಯ ಸೀರೆ, ಸಣ್ಣ ಬೊಟ್ಟು, ಬಾಯ್ತುಂಬ ಅಮ್ಮ ಅಮ್ಮ. ನಾಲ್ಕು ತಾಲ್ಲೂಕಿನ ಸೈನಿಕರ ತಾಯಂದಿರ ಮೇಲೆ ಒಂದು ಸಿನಿಮಾ ಮಾಡುತ್ತಿದ್ದೇವೆ, ನಿಮ್ಮ ಮಗನ ಮಾತು ಫೋನಿನಲ್ಲಿ ಇದ್ದರೆ ಕೊಡಿ, ದೇಶವೆಲ್ಲ ಕೇಳುತ್ತದೆ ಎಂದಳು. ಕ್ಯಾಮೆರಾದವನೊಬ್ಬ ಇದ್ದ. ಅವರ ಹಿಂದೆ ಇನ್ನೊಬ್ಬ, ಐವತ್ತರ ಆಸುಪಾಸಿನ ಸಪ್ಪೆ ಮುಖದ ಮನುಷ್ಯ, ಚೀಲ ಹಿಡಿದುಕೊಂಡು ಮೂಲೆಯಲ್ಲಿ ನಿಂತಿದ್ದ. ಹೆಸರು ನೀಲಕಂಠಸ್ವಾಮಿ ಅಂತೆ. ವೈರು ಗಿಯರು ನೋಡಿಕೊಳ್ಳುವವನಿರಬೇಕು ಎಂದುಕೊಂಡಳು ಮಾಯಮ್ಮ.

ಮಗನ ಮಾತು ದೇಶವೆಲ್ಲ ಕೇಳುತ್ತದೆ ಎಂದರೆ ಯಾವ ತಾಯಿಗೆ ಹಿಗ್ಗಾಗದು? ಉಪ್ಸಾರಿನದ್ದನ್ನು ಕೇಳಿಸಿದಳು, ಚಳಿಯದ್ದನ್ನು ಕೇಳಿಸಿದಳು. ಆ ಒಂದನ್ನು ಮಾತ್ರ ಮುಟ್ಟಲಿಲ್ಲ, ಅದು ಕೆಳಗೇ ಇತ್ತು. "ಇಷ್ಟೇಯ ಮೇಡಮ್ಮೋರೆ" ಎಂದಳು. ಅನುಶ್ರೀ ಅವಳನ್ನು ಬ್ಯಾರನ್ನಿನ ಮುಂದೆ ನಿಲ್ಲಿಸಿ, ಸೆರಗು ಸರಿಮಾಡಿ, ಎಲೆ ಹಿಡಿಸಿ ಶೂಟಿಂಗ್ ಮಾಡಿಸಿದಳು. ಆ ಹೊತ್ತಿನಲ್ಲೇ ನೀಲಕಂಠಸ್ವಾಮಿ ಚಾರ್ಜಿಗೆ ಹಾಕಿರ್ಲಾ ಅಮ್ಮ ಎಂದು ಕೇಳಿದ್ದು. ಫೋನಿಗೆ ಸಿಕ್ಕಿಸಿದ ವೈರಿನ ಇನ್ನೊಂದು ತುದಿ ಗೋಡೆಗೆ ಹೋಗದೆ ಅವನ ಚೀಲದೊಳಗೆ ಹೋಗಿತ್ತು. ಅದು ಅವಳ ಕಣ್ಣಿಗೆ ಬಿತ್ತು. ಈಗಿನ ಕಾಲದಲ್ಲಿ ಚೀಲದಲ್ಲೇ ಕರೆಂಟು ಇಟ್ಟುಕೊಂಡು ತಿರುಗುತ್ತಾರಲ್ಲ, ಅದೇ ಇರಬೇಕೆಂದು ಸುಮ್ಮನಾದಳು.

ಅವತ್ತಿನಿಂದ ಈಚೆಗೆ ಮಗನ ಮಾತು ಬರುವುದು ನಿಂತಿತು. ಫೋನ್ ಮಾಡಿದರೆ ಸ್ವಿಚ್ ಆಫ್.

ವಾರ ಕಳೆದ ಮೇಲೆ ನೀಲಕಂಠಸ್ವಾಮಿ ಒಬ್ಬನೇ ಬಂದ. ಕ್ಯಾಮೆರಾ ಇರಲಿಲ್ಲ, ಮೇಡಂ ಇರಲಿಲ್ಲ. ಚಪ್ಪರದಲ್ಲಿದ್ದ ಹೆಂಗಸರನ್ನು ಕಣ್ಣಲ್ಲೇ ಆಚೆ ಕಳಿಸಿದ. ಜಗುಲಿ ಮೇಲೆ ಕೂತು ತನ್ನ ಫೋನು ತೆಗೆದು ಒತ್ತಿದ. ಅದರಿಂದ ತೇಜಸ್ ಮಾತಾಡಿದ, ಅವ್ವಾ ನಾ ಚೆನ್ನಾಗಿವ್ನಿ ಎಂಬಲ್ಲಿಂದ ಯಾರ್ಗೂ ಯೋಳ್ಬ್ಯಾಡ ಎನ್ನುವ ತನಕ.

"ಇದು ನಿಮ್ಮ ಮಗನ ದನಿ ತಾನೆ?" ಎಂದು ಕೇಳಿದ ನೀಲಕಂಠಸ್ವಾಮಿ.

ಮಾಯಮ್ಮ ಕಂಬಕ್ಕೆ ಒರಗಿಸಿದ್ದ ತನ್ನ ಫೋನಿನ ಕಡೆ ತಿರುಗಿ ನೋಡಿದಳು. "ಇದು ನಿಮ್ಮತ್ರ ಎಂಗ್ ಬಂತು ಸ್ವಾಮಿ?"

"ಅವತ್ತು ಚಾರ್ಜಿಗೆ ಹಾಕಿದ್ನಲ್ಲಮ್ಮ." ಎಷ್ಟು ನೆಮ್ಮದಿಯಾಗಿ ಹೇಳಿದನೆಂದರೆ, ಮಳೆ ಬಂತು ಎಂದು ಹೇಳಿದ ಹಾಗೆ. "ಮೇಡಂಗೆ ಸಿನಿಮಾಕ್ಕೆ ಬೇಕಾದ್ದು ಮೇಡಂ ತಗೊಂಡ್ರು, ನಮಗೆ ಬೇಕಾದ್ದು ನಾವು ತಗೊಂಡ್ವಿ. ನಾವೇ ನೇರ ಬಂದ್ರೆ ಜನ ಬಾಗಿಲು ಹಾಕ್ಕೋತಾರೆ. ಮೇಡಂ ಜೊತೆ ಬಂದ್ರೆ ಕಾಫಿ ಕೊಡ್ತಾರೆ."

ಅವನು ಗುಪ್ತಚರದವನು. ಮನೆಗೆ ಬರೆದದ್ದು, ಮಾತಾಡಿದ್ದು, ಕಳಿಸಿದ್ದು, ಯಾವ ಸೈನಿಕ ಏನು ಬಾಯಿ ಬಿಟ್ಟಿದ್ದಾನೆ ಎಂದು ಹುಡುಕುವುದೇ ಅವನ ಕೆಲಸ. ಪ್ರಚಾರದವರು ಬಾಗಿಲು ತೆಗೆಸುತ್ತಿದ್ದರು, ಅವನು ನುಗ್ಗುತ್ತಿದ್ದ. ತೇಜಸ್‌ನನ್ನು ಡ್ಯೂಟಿಯಿಂದ ಇಳಿಸಿ ವಿಚಾರಣೆಗೆ ಕೂರಿಸಿದ್ದಾರೆ ಎಂದ. ಫೋನು ಬಚ್ಚಿಟ್ಟುಕೊಂಡದ್ದು ಒಂದು, ಯುದ್ಧದ ಗುಟ್ಟು ಹೊರಗೆ ಹಾಕಿದ್ದು ಇನ್ನೊಂದು. ಜೈಲೇ ಆಗಬಹುದು, ವರ್ಷಗಟ್ಟಲೆ.

"ಎತ್ತವ್ವನತ್ರ ಯೋಳ್ಕಂಡದ್ದು ಗುಟ್ಟು ಆಚಿಕ್ಕಾಕಿದಂಗಾ?"

"ಆ ಪೋಸ್ಟ್ ಹೋಗಿರೋದು ವೈರಿಗೆ ಗೊತ್ತಾಗಬಾರದಮ್ಮ."

ಇಲ್ಲಿ ಮಾಯಮ್ಮನಿಗೆ ಭಯ ಹೋಯಿತು. ಭಯ ಹೋದ ಜಾಗಕ್ಕೆ ಸಿಟ್ಟು ಬಂತು. "ಅಲ್ಲ ಕಣ್ ಸ್ವಾಮಿ, ಆ ಪೋಸ್ಟ್ ಮೇಲೆ ಈಗ ಕುಂತಿರೋರ್ಯಾರು? ಆ ವೈರಿನೇ ಅಲ್ವಾ? ತಾನು ಕುಂತಿರೋ ಜಾಗ ತನ್ಗೇ ಗೊತ್ತಿಲ್ವಾ? ಇನ್ಯಾರ್ಗೆ ಗೊತ್ತಾಗ್ಬಾರ್ದು ಅಂತ ಬಚ್ಚಿಟ್ಟಿದ್ದೀರಿ? ನಮ್ಗಾ?"

ನೀಲಕಂಠಸ್ವಾಮಿ ಫೋನನ್ನು ಜೇಬಿಗೆ ಹಾಕಿಕೊಂಡ. ಹುಣಸೂರಿನಲ್ಲಿ ವೀರಮಾತೆಯರ ಸನ್ಮಾನ ಇಟ್ಟುಕೊಂಡಿದ್ದೇವೆ, ಬನ್ನಿ, ವೇದಿಕೆ ಮೇಲೆ ಕೂತು ನಗುನಗುತ್ತಾ ಸನ್ಮಾನ ಮಾಡಿಸಿಕೊಳ್ಳಿ, ಮಗನ ವಿಷಯ ಹಗುರ ಮಾಡಿಸೋಣ ಎಂದು ಹೇಳಿ ಎದ್ದ. ಹೋಗುವಾಗ, "ಸರಗೂರು ಹುಡುಗನ ಬಗ್ಗೆ ಒಂದು ಮಾತೂ ಎತ್ತಬಾರದು. ಎತ್ತಿದ್ರೆ ನಿಮ್ಮ ಮಗನ್ನ ಯಾರೂ ಉಳಿಸಕ್ಕಾಗಲ್ಲ," ಎಂದ. ಅವನು ಹೋದ ಮೇಲೆ ತಿಪ್ಪೆಗೆ ಬಿದ್ದದ್ದು ಆ ಲೋಟ.

ಮಾರನೆಯ ಬೆಳಿಗ್ಗೆ ಅವಳು ಬ್ಯಾರನ್ನಿನ ಬೆಂಕಿಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ, ಗಂಡನನ್ನು ಎಳೆದುಕೊಂಡು ಹುಣಸೂರಿನ ಬಸ್ಸು ಹತ್ತಿದಳು. ಚಲುವಯ್ಯ ದಾರಿಯುದ್ದಕ್ಕೂ ಒಂದೇ ಮಾತು, "ಬಾಯ್ ಮಾಡ್ಬ್ಯಾಡ ಕಣೆ, ದೊಡ್ಡೋರ ಸವಾಸ, ಕೈ ಮುಗ್ದು ಕೇಳ್ಕಳ್ಳವ." ಅವನದ್ದೂ ತಪ್ಪಿಲ್ಲ, ಇದ್ದದ್ದು ಒಬ್ಬನೇ ಮಗ.

ಪ್ರಚಾರ ಘಟಕದ ಆಫೀಸಿನಲ್ಲಿ ಅನುಶ್ರೀಯೂ ನೀಲಕಂಠಸ್ವಾಮಿಯೂ ಒಂದೇ ಮೇಜಿಗೆ ಎದುರುಬದುರು ಕೂತು ಇಡ್ಲಿ ತಿನ್ನುತ್ತಿದ್ದರು. ಒಂದೇ ಡಬ್ಬಿಯ ಚಟ್ನಿ. ಮಾಯಮ್ಮ ಬಾಗಿಲಲ್ಲೇ ನಿಂತು ಅದನ್ನು ನೋಡಿದಳು.

"ಅಯ್ಯೋ ಬನ್ನಿ ಅಮ್ಮ, ಒಳ್ಳೆ ಟೈಮಿಗೆ ಬಂದ್ರಿ, ನಿಮ್ಮ ಸಿನಿಮಾ ರೆಡಿ," ಎಂದು ಅನುಶ್ರೀ ಕೈತೊಳೆದು ಕಂಪ್ಯೂಟರ್ ತಿರುಗಿಸಿದಳು. ತೆರೆಯ ಮೇಲೆ ಬೆಟ್ಟ, ಬಾವುಟ, ಬ್ಯಾರನ್ನಿನ ಮುಂದೆ ಎಲೆ ಹಿಡಿದು ನಿಂತ ಮಾಯಮ್ಮ. ಹಿಂದಿನಿಂದ ತೇಜಸ್‌ನ ದನಿ: "ಅವ್ವಾ, ನಾ ಚೆನ್ನಾಗಿವ್ನಿ. ನಮ್ಮೋರೆಲ್ಲ ಚೆನ್ನಾಗವ್ರೆ. ಮೇಲ್ಗಡೆ ಪೋಸ್ಟು ನಮ್ದೇ." ಆಮೇಲೆ ತಮಟೆ, ಕಹಳೆ, ಜೈಕಾರ.

ಮಾಯಮ್ಮ ತೆರೆಗೆ ಬೆರಳು ತೋರಿಸಿದಳು. "ಅಂತ ಟಿವಿಲಿ ಬತ್ತದಲ್ಲ ಅಂದಿದ್ನಲ್ಲ ನನ್ ಮಗ, ಅದೆಲ್ಲೋಯ್ತು?"

"ಸಿನಿಮಾ ಉದ್ದ ಆಗುತ್ತಲ್ಲಮ್ಮ, ಸ್ವಲ್ಪ ಕಟ್ ಮಾಡ್ಬೇಕಾಗುತ್ತೆ."

"ಮಿಕ್ಕಿದ್ದು?"

ಮಿಕ್ಕಿದ್ದು ಮೇಜಿನ ಆ ಕಡೆ ಕೂತು ಕೈ ಒರೆಸಿಕೊಳ್ಳುತ್ತಿತ್ತು.

"ಗುಡ್ಡೆ ಬಾಡು ಪಾಲಾಕ್ಕೊಂಡಂಗೆ ಪಾಲಾಕ್ಕೊಂಡಿದ್ದೀರಲ್ರೋ ನನ್ ಮಗನ ಮಾತ್ನ!" ಎಂದು ಮಾಯಮ್ಮ ಕೂಗಿದಳು. "ಮುಂದ್ಲ ಭಾಗ ನಿನ್ಗೆ, ಇಂದ್ಲ ಭಾಗ ಅವನ್ಗೆ! ಅರ್ಧ ಮಾತ್ಗೆ ಹಾರ ಹಾಕ್ತೀರಿ, ಅರ್ಧ ಮಾತ್ಗೆ ಬೇಡಿ ಹಾಕ್ತೀರಿ. ಎರಡೂ ಒಂದೇ ಗಂಟ್ಲಿಂದ ಬಂದದ್ದಲ್ವಾ? ನಿಮ್ ಮನೆಲಿ ಮಕ್ಳಿಲ್ವಾ? ಥೂ!"

"ಅಮ್ಮ, ಅದು ನಮ್ಮ ವಿಭಾಗ ಅಲ್ಲ," ಎಂದಳು ಅನುಶ್ರೀ. ಮುಖ ಮಾತ್ರ ಕೆಂಪಾಗಿತ್ತು. "ನಾವು ಪ್ರಚಾರ ಮಾತ್ರ. ವಿಚಾರಣೆಗೂ ನಮಗೂ ಸಂಬಂಧ ಇಲ್ಲ."

"ಸಮ್ಮಂದ ಇಲ್ದೆ ಒಂದೇ ಚಟ್ನಿ ನೆಕ್ತಿದ್ರಾ?"

ಚಲುವಯ್ಯ ಹೆಂಡತಿಯ ಸೆರಗು ಜಗ್ಗಿದ. ಅವಳು ಕೊಡವಿಕೊಂಡಳು. ಕೊನೆಗೆ ಅವಳು ಕೇಳಿದ್ದು ಒಂದೇ. ಮಗ ಬದುಕಿದ್ದಾನೋ ಇಲ್ಲವೋ, ಯಾವ ಕೋಣೆಯಲ್ಲಿ ಕೂಡಿಹಾಕಿದ್ದಾರೋ, ಹೊಡೆದಿದ್ದಾರೋ, ತನಗೆ ಯಾವುದೂ ಗೊತ್ತಿಲ್ಲ. ಅವನ ದನಿ ಕೇಳಿಸಿ. ಕೇಳಿಸದೆ ಇದ್ದರೆ ವೇದಿಕೆಗೂ ಬರುವುದಿಲ್ಲ, ನಿಮ್ಮ ಶಾಲೂ ಬೇಡ, ವೀರಮಾತೆ ಬಿರುದೂ ಬೇಡ.

ಅನುಶ್ರೀ ನೀಲಕಂಠಸ್ವಾಮಿಯ ಮುಖ ನೋಡಿದಳು. ಅವಳ ಕಣ್ಣು ಅರಳಿತು. "ಸರ್, ಸ್ಟೇಜ್ ಮೇಲೇ ಮಾತಾಡಿಸಿದ್ರೆ? ಗಡಿಯಿಂದ ಮಗ, ಇಲ್ಲಿ ತಾಯಿ, ಎಲ್ಲರ ಮುಂದೆ ಲೈವ್!" ನೀಲಕಂಠಸ್ವಾಮಿ ಫೋನು ಹಿಡಿದು ಆಚೆ ಹೋಗಿ ಮಾತಾಡಿಕೊಂಡು ಬಂದು, ಆಗುತ್ತೆ ಎಂದು ತಲೆಯಾಡಿಸಿದ. ತಾಯಿಯ ಗೋಳು ಅವರಿಗೆ ಕಾರ್ಯಕ್ರಮವಾಯಿತು. ಮಗ ಏನು ಹೇಳಬೇಕೆಂದು ಅಲ್ಲಿ ಅವನಿಗೆ ಹೇಳಿಕೊಡುತ್ತಾರಂತೆ. ಇವಳು "ಸಂತೋಷ ಮಗನೆ, ಗೆದ್ದು ಬಾ" ಎಂದರೆ ಸಾಕಂತೆ. ಎಲ್ಲ ಸರಿಯಾಗಿ ನಡೆದರೆ ವಿಚಾರಣೆಯನ್ನು ಎಚ್ಚರಿಕೆ ಕೊಟ್ಟು ಮುಗಿಸುತ್ತಾರಂತೆ, ರಜೆ ಮೇಲೆ ಮನೆಗೂ ಕಳಿಸುತ್ತಾರಂತೆ. ಮಾಯಮ್ಮ ಹಲ್ಲು ಕಚ್ಚಿಕೊಂಡು ಒಪ್ಪಿದಳು. ಮಗ ಮನೆಗೆ ಬರಲಿ, ಆಮೇಲೆ ಇವರ ಮುಖಕ್ಕೆ ಉಗಿದರಾಯಿತು.

ಸನ್ಮಾನ ಹುಣಸೂರಿನ ಒಂದು ಕಲ್ಯಾಣ ಮಂಟಪದಲ್ಲಿ. ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಲ್ಲ ಕಡೆಯಿಂದ ಬಸ್ಸು ಮಾಡಿ ಹೆಂಗಸರನ್ನು ತುಂಬಿಕೊಂಡು ಬಂದಿದ್ದರು. ಮಾಯಮ್ಮನ ಚಪ್ಪರದ ಹೆಂಗಸರೂ ಕೈಯ ಕಪ್ಪನ್ನು ಹುಣಸೆಹಣ್ಣು ಹಾಕಿ ಉಜ್ಜಿ, ಒಳ್ಳೆಯ ಸೀರೆ ಉಟ್ಟು ಬಂದು ಮುಂದೆ ಕೂತಿದ್ದರು. ವೇದಿಕೆಯ ಮೇಲೆ ಕೆಂಪು ಬಟ್ಟೆ ಹೊದಿಸಿದ ಕುರ್ಚಿಗಳ ಸಾಲು, ಅದರ ತುಂಬ ತಾಯಂದಿರು.

ಮಾಯಮ್ಮನ ಪಕ್ಕದ ಕುರ್ಚಿಯಲ್ಲಿ ಸಣಕಲು ಹೆಂಗಸೊಬ್ಬಳು ಕೂತಿದ್ದಳು. ತಲೆ ತುಂಬ ಕನಕಾಂಬರ, ಕೈ ತುಂಬ ಹಸಿರು ಬಳೆ. ಇವಳನ್ನೇ ನೋಡಿ ನಗುತ್ತಿದ್ದಳು.

"ನೀವು ತೇಜಸ್ಸನ ಅವ್ವ ಅಲ್ವಾ ಅಕ್ಕ? ಈಗ ಮೈಕಲ್ಲಿ ನಿಮ್ ಎಸ್ರು ಕೂಗಿದ್ರು. ನಾನು ಚಾಮುಂಡಮ್ಮ ಅಂತ, ಸರಗೂರು. ಸಿದ್ದಾರ್ಥನ ತಾಯಿ. ನಮ್ ಸಿದ್ದುಗೆ ನಿಮ್ಮುಡ್ಗ ಅಂದ್ರೆ ಪ್ರಾಣ."

ಮಾಯಮ್ಮನ ಕಣ್ಣು ಆ ಕನಕಾಂಬರದ ಮೇಲೆ ಹೋಯಿತು.

"ನಮ್ಮೋನು ಫೋನೇ ಎತ್ತಾ ಇಲ್ಲ ಕಣಕ್ಕ," ಎಂದು ಚಾಮುಂಡಮ್ಮ ಮುಂದುವರಿಸಿದಳು. "ರಿಂಗ್ ಆಗೋದು, ಆಗೋದು, ನಿಂತೋಗೋದು. ಈಗ ಅದೂ ಇಲ್ಲ, ಚಾರ್ಜ್ ಮುಗ್ದೋಗದೇನೋ. ಅಲ್ಲಿ ಕರೆಂಟು ಎಲ್ಲಿ ಸಿಕ್ತದೆ ಪಾಪ. ಮೇಡಮ್ಮೋರು ಅಂದ್ರು, ಸನ್ಮಾನಕ್ ಬನ್ನಿ, ಸಿದ್ದೂ ಇಸ್ಯ ಗೊತ್ತಾಯ್ತದೆ ಅಂತ. ನಿಮ್ಮುಡ್ಗ ಏನಾರ ಅಂದಿದ್ನಾ ಅಕ್ಕ, ನಮ್ಮೋನ್ ಇಸ್ಯ?"

ಮಾಯಮ್ಮ ತಲೆಯೆತ್ತಿ ನೋಡಿದಳು. ವೇದಿಕೆಯ ಪಕ್ಕದ ಪರದೆ ಹಿಡಿದುಕೊಂಡು ನೀಲಕಂಠಸ್ವಾಮಿ ನಿಂತಿದ್ದ. ಅವಳ ಕಣ್ಣು ತನ್ನ ಮೇಲೆ ಬಿದ್ದದ್ದೇ ತಲೆಯನ್ನು ಮೆಲ್ಲಗೆ ಆ ಕಡೆ ಈ ಕಡೆ ಆಡಿಸಿದ. ಅಯ್ಯೋ ನಿನ್ನ ವಂಶಕ್ಕಿಷ್ಟು ಮಣ್ಣು ಹಾಕ ಎಂದು ಅವಳ ಮನಸ್ಸು ಕೂಗಿತು. ಮಗನನ್ನು ಯಾವುದೋ ಶವಾಗಾರದಲ್ಲಿ ಇಟ್ಟುಕೊಂಡು ತಾಯಿಯ ತಲೆಗೆ ಹೂ ಮುಡಿಸಿ ಕರೆತಂದು ಕೂರಿಸಿದ್ದಾರಲ್ಲ! ಇವಳ ನಗುಮುಖದ ಫೋಟೋ ತೆಗೆದು ತೋರಿಸಿದರೆ ಆ ಪೋಸ್ಟು ಹೋಗಿಲ್ಲ ಅಂತಾಯಿತು. ಅದಕ್ಕೆ ಬೇಕು ಇವಳು.

"ಇಲ್ಲ ಕಣವ್ವ," ಎಂದಳು ಮಾಯಮ್ಮ. "ನನ್ಗೇನೂ ಅಂದಿಲ್ಲ."

ಆ ಸುಳ್ಳು ಹೇಳಿದ್ದಕ್ಕೆ ತನ್ನ ನಾಲಿಗೆಯನ್ನೇ ಕಿತ್ತು ಬಿಸಾಡಬೇಕೆನಿಸಿತು. ಆದರೆ ಮಗ, ಕೋಣೆ, ಬೀಗ ಎಲ್ಲ ಕಣ್ಣ ಮುಂದೆ ಬಂದು ಸುಮ್ಮನಾದಳು.

ಶಾಲು ಹೊದಿಸಿದರು, ಸೇವಂತಿಗೆ ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಯಾರೋ ದೊಡ್ಡವರು ಬಂದು ಭಾಷಣ ಮಾಡಿದರು. ಸಿನಿಮಾ ತೋರಿಸಿದರು. ಮೇಲ್ಗಡೆ ಪೋಸ್ಟು ನಮ್ದೇ ಎಂದು ತೇಜಸ್‌ನ ಅರ್ಧ ಮಾತು ಮಂಟಪದ ತುಂಬ ಕೇಳಿದಾಗ ಜನ ಚಪ್ಪಾಳೆ ತಟ್ಟಿದರು. ಮುಂದೆ ಕೂತಿದ್ದ ಚಪ್ಪರದ ಹೆಂಗಸರು ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೈ ಮಡಿಲಲ್ಲೇ ಇಟ್ಟುಕೊಂಡಿದ್ದರು. ಅವರು ಪೂರ್ತಿ ಮಾತನ್ನು ಕೇಳಿದ್ದವರು.

ಆಮೇಲೆ ಅನುಶ್ರೀ ಮೈಕಿನಲ್ಲಿ, ಈಗ ನಿಮಗೊಂದು ಅಚ್ಚರಿ ಎಂದಳು. ಮೇಜಿನ ಮೇಲೆ ಒಂದು ಫೋನಿಟ್ಟು ಸ್ಪೀಕರಿಗೆ ಸಿಕ್ಕಿಸಿದ್ದರು. ಮಾಯಮ್ಮನನ್ನೂ ಚಾಮುಂಡಮ್ಮನನ್ನೂ ಕೈಹಿಡಿದು ಮೇಜಿನ ಹತ್ತಿರ ತಂದು ನಿಲ್ಲಿಸಿದರು. ಗುರ್ ಗುರ್ ಎಂದು ಸದ್ದಾಗಿ ದನಿ ಬಂತು.

"ಅಮ್ಮಾ, ನಾನು ತೇಜಸ್ ಮಾತನಾಡುತ್ತಿದ್ದೇನೆ."

ಹುಟ್ಟಿದಾಗಿನಿಂದ ಅವನು ಅವಳನ್ನು ಅಮ್ಮಾ ಎಂದು ಕರೆದವನಲ್ಲ. ಆದರೂ ದನಿ ಅವನದೇ, ಬದುಕಿದ್ದಾನೆ. ಹೇಳಿಕೊಟ್ಟದ್ದನ್ನೆಲ್ಲ ಮರೆತು, "ಉಂಡ್ಯಾ ಮಗಾ?" ಎಂದುಬಿಟ್ಟಳು ಮಾಯಮ್ಮ. ಮಂಟಪದಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು.

ಆ ಕಡೆ ಕಾಗದ ಸರಿದ ಸದ್ದಾಯಿತು. "ಊಟ ಆಯಿತು ಅಮ್ಮ. ನಾವು ಎಲ್ಲರೂ ಕ್ಷೇಮವಾಗಿದ್ದೇವೆ. ಮೇಲಿನ ಪೋಸ್ಟ್ ನಮ್ಮ ಕೈಯಲ್ಲೇ ಇದೆ. ಸರಗೂರಿನ ಸಿದ್ದಾರ್ಥ ಕೂಡ... ಸಿದ್ದಾರ್ಥ ಕೂಡ ನನ್ನ ಜೊತೆ ಕ್ಷೇಮವಾಗಿದ್ದಾನೆ."

ಇದು ಮಾಯಮ್ಮನಿಗೆ ಹೇಳಿರದ ಮಾತು. ಚಪ್ಪಾಳೆ ಬಿತ್ತು, ಶಿಳ್ಳೆ ಬಿತ್ತು. ಚಾಮುಂಡಮ್ಮ ಎರಡೂ ಕೈಯಲ್ಲಿ ಎದೆ ಹಿಡಿದುಕೊಂಡು, ಆಮೇಲೆ ಫೋನಿನ ಮೇಲೆ ಬಗ್ಗಿದಳು. "ತೇಜಸ್ಸಪ್ಪಾ, ನಾನು ಕಣಪ್ಪಾ, ಸಿದ್ದೂ ಅವ್ವ. ಅವನ್ಗೊಸಿ ಕೊಡಪ್ಪಾ ಫೋನಾ. ಒಂದೇ ಒಂದ್ ಮಾತು. ಪಕ್ದಲ್ಲೇ ಅವ್ನಲ್ವಾ? ಕೊಡಪ್ಪಾ."

ಸ್ಪೀಕರಿನಲ್ಲಿ ಬರೀ ಉಸಿರು. ಅನುಶ್ರೀ ನಗು ಮುಖದಲ್ಲೇ ಇಟ್ಟುಕೊಂಡು ಪರದೆಯ ಕಡೆ ನೋಡಿದಳು. ನೀಲಕಂಠಸ್ವಾಮಿ ಮುಂದೆ ಬರಲೋ ಬೇಡವೋ ಎಂದು ಒಂದು ಕಾಲು ಎತ್ತಿದ್ದ.

"ಅವ್ವಾ..." ಎಂದಿತು ಸ್ಪೀಕರು.

ಇದು ಯಾರೂ ಹೇಳಿಕೊಡದ ಮಾತು. ತನ್ನ ಮಗನ ದನಿ ಮಾಯಮ್ಮನಿಗೆ ಗೊತ್ತು. ಇನ್ನೊಂದು ಉಸಿರಿಗೆ ಅವನು ಹೇಳಿಬಿಡುತ್ತಾನೆ. ಹೆಗಲ ಮೇಲೆ ಹೊತ್ತು ತಂದವನನ್ನು ಪಕ್ಕದಲ್ಲಿದ್ದಾನೆ ಎಂದು ಅವನ ತಾಯಿಗೇ ಹೇಳುವಷ್ಟು ಕೆಟ್ಟವನನ್ನು ಅವಳು ಹೆತ್ತಿರಲಿಲ್ಲ. ಹೇಳಿದನೋ, ಅಲ್ಲಿಗೆ ಮುಗಿಯಿತು, ಎದುರಿಗೆ ನಿಂತು ಹೇಳಿಸುತ್ತಿರುವವರು ಅವನನ್ನು ಬಿಡುವುದಿಲ್ಲ. ಮಾಯಮ್ಮ ಕೈಚಾಚಿ ಫೋನಿನ ವೈರನ್ನು ಕಿತ್ತಳು. ಫೋನನ್ನು ಎತ್ತಿ ಕೆಂಪು ಗುಂಡಿ ಒತ್ತಿದಳು.

"ಯಾಕಕ್ಕಾ ಕಟ್ ಮಾಡ್ಬುಟ್ರಿ? ಕೊಡೋನಿದ್ನಲ್ಲಾ!" ಚಾಮುಂಡಮ್ಮ ಅವಳ ಕೈಯಿಂದ ಫೋನು ಕಿತ್ತುಕೊಳ್ಳಲು ಬಂದಳು.

ಮಾಯಮ್ಮ ತನ್ನ ಕೊರಳ ಹಾರ ತೆಗೆದು ಎಸೆದಳು, ಶಾಲು ಎಸೆದಳು. ಚಾಮುಂಡಮ್ಮನ ಕೊರಳ ಹಾರವನ್ನೂ ತೆಗೆದಳು. ಅವಳ ತೋಳು ಹಿಡಿದು ಆ ಕೆಂಪು ಬಟ್ಟೆಯ ಕುರ್ಚಿಗಳ ಮುಂದೆ, ಬರೀ ನೆಲದ ಮೇಲೆ ಕೂರಿಸಿ ತಾನೂ ಕೂತಳು. ಕೊರಳಿಗೆ ಕೈ ಹಾಕಿ ತಬ್ಬಿಕೊಂಡು, ತಲೆಗೆ ತಲೆ ಕೊಟ್ಟು, ಎತ್ತರದ ದನಿಯಲ್ಲಿ ಶುರುಮಾಡಿದಳು.

"ಅಯ್ಯೋ ನನ್ ಕಂದಾ ಸಿದ್ದಪ್ಪಾ... ಎತ್ತವ್ವನ ಕೂಗು ಕೇಳ್ದಂಗೆ ಎಲ್ಲೋಗಿ ಮನಿಕೊಂಡ್ಯೋ ನನ್ನಪ್ಪಾ..."

ಆ ಸೀಮೆಯ ಯಾವ ಹೆಂಗಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆ ಕೊರಳು ತಬ್ಬಿ, ಹೆಸರು ಕರೆದು, ಹಾಡಿಕೊಂಡು ಅಳುವುದು ಸತ್ತವರ ಮನೆಯಲ್ಲಿ ಮಾತ್ರ. ಜೀವ ಇರುವವನ ಹೆಸರು ಹಿಡಿದು ತಮಾಷೆಗೂ ಯಾರೂ ಆ ದನಿ ಎತ್ತುವುದಿಲ್ಲ. ಚಾಮುಂಡಮ್ಮ ಒಂದು ಗಳಿಗೆ ಮರಗಟ್ಟಿ ಕೂತಳು. ಆಮೇಲೆ ಅವಳ ಗಂಟಲಿಂದ ಬಂದ ಕೂಗಿಗೆ ಮಂಟಪದ ಜೈಕಾರ ನಿಂತೇ ಹೋಯಿತು.

ಅನುಶ್ರೀ ಓಡಿಬಂದು ಮೈಕು ಆಫ್ ಮಾಡಿಸಿದಳು. ಆ ಅಳುವಿಗೆ ಮೈಕು ಬೇಕಿರಲಿಲ್ಲ. ಮುಂದಿನ ಸಾಲಿನಿಂದ ಎಲೆ ಕಟ್ಟುವ ಹೆಂಗಸರು ಎದ್ದು ವೇದಿಕೆ ಹತ್ತಿ ಬಂದು ಇಬ್ಬರ ಸುತ್ತ ನೆಲಕ್ಕೆ ಕೂತು ದನಿಗೂಡಿಸಿದರು. ಅವರನ್ನು ನೋಡಿ ಕೆ.ಆರ್. ನಗರದವರು, ಕೋಟೆಯವರು ಎದ್ದು ಬಂದರು. ಕ್ಯಾಮೆರಾದವನು ಕ್ಯಾಮೆರಾ ಕೆಳಗಿಳಿಸಿ ನಿಂತುಬಿಟ್ಟ. ದೊಡ್ಡವರು ಹಿಂದಿನ ಬಾಗಿಲಿಂದ ಹೊರಟುಹೋದರು.

ನೀಲಕಂಠಸ್ವಾಮಿ ಹೆಂಗಸರ ನಡುವೆ ನುಗ್ಗಿ ಬಂದು ಮಾಯಮ್ಮನ ಕಿವಿಯ ಹತ್ತಿರ ಬಗ್ಗಿದ. ಅವನ ಸಪ್ಪೆ ಮುಖದಲ್ಲಿ ಮೊದಲ ಸಲ ಬೆವರು ಕಂಡಿತು. "ನಿಮ್ಮ ಮಗನ್ನ ನೀವೇ ಕೈಯಾರೆ ಮುಗಿಸಿದ್ರಿ, ಗೊತ್ತಾ?"

ಮಾಯಮ್ಮ ಚಾಮುಂಡಮ್ಮನನ್ನು ಬಿಡದೆ ಮುಖ ಮಾತ್ರ ಮೇಲೆತ್ತಿದಳು.

"ನನ್ ಮಗ ಒಂದ್ ಮಾತೂ ಆಡ್ಲಿಲ್ಲ ಕಣಯ್ಯ. ಇಷ್ಟ್ ಜನ ಸಾಕ್ಷಿ ಅವ್ರೆ. ನೀವು ಕೊಟ್ಟದ್ನ ಕೊಟ್ಟಂಗೇ ಓದ್ದ. ಬಾಯ್ ಬುಟ್ಟೋಳು ನಾನು. ಹಾಕು ಬೇಡಿ, ನನ್ಗಾಕು. ಬತ್ತೀನಿ ನಡಿ." ಅಷ್ಟು ಹೇಳಿ ಮತ್ತೆ ಚಾಮುಂಡಮ್ಮನ ತಲೆಯನ್ನು ಎದೆಗೆ ಒತ್ತಿಕೊಂಡಳು. "ಆದ್ರೆ ಇವ್ಳು ಅತ್ತು ಮುಗ್ಸೋಗಂಟ ನೀನು ಇಲ್ಲೇ ನಿಂತಿರು. ಒಂದ್ ಎಜ್ಜೆ ಅಲ್ಲಾಡ್ಬ್ಯಾಡ. ನಿಂತ್ಕಂಡ್ ಕೇಳು."

ಸುತ್ತ ಕೂತ ಹೆಂಗಸರು ಅವನಿಗೆ ಹೋಗಲು ದಾರಿ ಬಿಡಲಿಲ್ಲ. ಅವನು ನಿಂತು ಕೇಳಿದ.